ಪೀಠದ ಅಂಚಿನ ಎರಡಕ್ಷರ

ಜೇನುಮೇಣಕ್ಕೆ ಸಾಲಮರದ ರಾಳ ಕುಟ್ಟಿ ಬೆರೆಸಿ ಸಣ್ಣ ಉರಿಯಲ್ಲಿ ಕರಗಿಸುವಾಗ ಒಂದು ವಾಸನೆ ಏಳುತ್ತದೆ. ಪೂರ್ತಿ ಹೂವಿನದ್ದೂ ಅಲ್ಲ, ಪೂರ್ತಿ ಹೊಗೆಯದ್ದೂ ಅಲ್ಲ. ಸುಕ್‌ದಾಯಿಗೆ ಅದು ತವರಿನ ವಾಸನೆ. ಚಿಕ್ಕವಳಿದ್ದಾಗ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಅದು ಮೂಗಿಗೆ ಬಂದರೆ, ಅಪ್ಪ ಇವತ್ತು ಸಂತೆಗೆ ಹೋಗಿಲ್ಲ, ಅಂಗಳದಲ್ಲಿ ಕೂತು ಮೇಣದ ಎಳೆ ತೆಗೆಯುತ್ತಿದ್ದಾನೆ, ಮಿಕ್ಕ ಚೂರಿನಲ್ಲಿ ತನಗೊಂದು ನವಿಲು ಮಾಡಿಕೊಡುತ್ತಾನೆ ಎಂದು ಗೊತ್ತಾಗುತ್ತಿತ್ತು. ಬಿಸಿಲೇರುವ ಹೊತ್ತಿಗೆ ಆ ನವಿಲು ಅವಳ ಅಂಗೈಯಲ್ಲೇ ಮೆತ್ತಗಾಗಿ ಉಂಡೆಯಾಗಿಬಿಡುತ್ತಿತ್ತು. ಮದುವೆಯಾಗಿ ಕೊಂಡಗಾಂವ್ ಪಕ್ಕದ ಈ ಊರಿನ ಗಡ್ವಾ ಎರಕದವರ ಕೇರಿಗೆ ಬಂದ ದಿನ, ಹೊಸ್ತಿಲಲ್ಲಿ ನಿಂತು ಅಳು ನುಂಗುತ್ತಿದ್ದವಳಿಗೆ ಹಿತ್ತಿಲಿನಿಂದ ಅದೇ ವಾಸನೆ ಬಂದಿತ್ತು. ಅಳು ಅಲ್ಲಿಗೇ ನಿಂತಿತ್ತು.

ಈಗ ಅಂಗಳದ ಅರ್ಧದಲ್ಲಿ ಬೇರೆ ವಾಸನೆ. ಮಗ ಕೇಜು ಪೇಟೆಯಿಂದ ತರುವ ಬಿಳಿ ಮೇಣದ್ದು. ಅದರ ಗಟ್ಟಿಗಳು ಸೋಪಿನಷ್ಟು ನುಣುಪು. ಕರಗಿದರೆ ಸೀಮೆಎಣ್ಣೆ ಬುಡ್ಡಿ ಆರಿಸಿದ ಹಾಗೆ ನಾತ. ಬೇಲಿಗೆ ಹಬ್ಬಿದ ಅವರೆ ಬಳ್ಳಿಯ ಹತ್ತಿರ ಗಂಡ ಝಾಡೂರಾಮನ ಜಾಗ, ಹಲಸಿನ ಮರದ ಕೆಳಗೆ ಕೇಜುವಿನದು. ನಡುವೆ ಅಡುಗೆಯ ಒಲೆ. ಒಲೆಯ ಮುಂದೆ ಸೊಸೆ ಹಿರೊಂದಿ. ಒಂದು ಕಣ್ಣು ಅನ್ನದ ಮೇಲೆ, ಇನ್ನೊಂದು ಗಂಡನ ಮೇಣದ ಆನೆಗಳ ಮೇಲೆ.

"ಇದು ಮೇಣ ಅಲ್ಲ, ಮೇಣದ ಹೆಣ," ಎಂದು ಝಾಡೂರಾಮ ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದ.

"ಹಂಗಾದ್ರೆ ಕಾಡಿಗೆ ಹೋಗಿ ಜೇನುಹುಳಕ್ಕೆ ನೀನೇ ಹೇಳು ಅಪ್ಪ, ಅರವತ್ತು ಆನೆಗೆ ಆಗೋಷ್ಟು ಗೂಡು ಕಟ್ಟಿ ಅಂತ," ಎಂದು ಕೇಜು ತಲೆ ಎತ್ತದೆ ಹೇಳುತ್ತಿದ್ದ.

ಅರವತ್ತು ಹಿತ್ತಾಳೆ ಆನೆ ರಾಯಪುರದ ಒಬ್ಬ ವ್ಯಾಪಾರಿ ಸೇಠ್‌ಗೆ. ಎಲ್ಲ ಒಂದೇ ಅಳತೆ, ಒಂದೇ ಹೊಳಪು. ಜೊತೆಗೊಂದು ಷರತ್ತು: ಪ್ರತಿ ಆನೆಯ ಪೀಠದ ಹಿಂಭಾಗದಲ್ಲಿ ಮಾಡಿದವನ ಹೆಸರು ಮೇಣದ ಎಳೆಯಲ್ಲೇ ಬರೆದಿರಬೇಕು. ಕೊಳ್ಳುವವರಿಗೆ ಕೈಕೆಲಸ ಎಂಬ ನಂಬಿಕೆ ಬರುತ್ತದಂತೆ. ಆ ಷರತ್ತು ಕೇಜುವಿಗೆ ಭಾರವಾಗಿರಲಿಲ್ಲ. ಅದಕ್ಕೇ ಅವನು ಈ ಕೆಲಸ ಒಪ್ಪಿಕೊಂಡಿದ್ದು. ಹಿಂದೊಮ್ಮೆ ಭೋಪಾಲಕ್ಕೆ ಹೋಗಿದ್ದಾಗ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗೆ ತನ್ನ ಅಜ್ಜ ಮಾಡಿದ್ದ ಕುದುರೆಯನ್ನು ಅವನು ಕಂಡಿದ್ದ. ಅಜ್ಜನ ಕುದುರೆಗಳ ಕುತ್ತಿಗೆ ಎಲ್ಲಿದ್ದರೂ ಗುರುತು ಹತ್ತುತ್ತದೆ. ಕೆಳಗೆ ಚೀಟಿಯಲ್ಲಿ 'ಕಲಾವಿದ: ತಿಳಿದಿಲ್ಲ' ಎಂದಿತ್ತು.

"ತಿಳಿದಿಲ್ಲ!" ಎಂದು ಊರಿಗೆ ಬಂದು ಆ ದಿನ ಅವನು ಊಟ ಬಿಟ್ಟಿದ್ದ. "ನಾನು ಅಲ್ಲೇ ನಿಂತಿದ್ದೆ, ಅವನ ಮೊಮ್ಮಗ! ತಿಳಿದಿಲ್ಲ ಅಂತೆ!"

"ಅವರಿಗೆ ತಿಳಿದಿಲ್ಲ," ಎಂದಿದ್ದ ಝಾಡೂರಾಮ. "ನಿನಗೆ ತಿಳೀತಲ್ಲ. ಉಣ್ಣು."

ಆನೆಗಳ ಕೆಲಸ ಅರ್ಧಕ್ಕೆ ಬಂದಿದ್ದಾಗ, ಪುಷ್ಯದ ಚಳಿಯಲ್ಲಿ, ಕೊಸರ್‌ಪಾಲ್ ಊರಿನ ಮಂಗ್ತು ಪೂಜಾರಿ ನಾಲ್ಕು ಜನರ ಜೊತೆ ನಡೆದು ಬಂದ. ಅವನ ಹೆಗಲಲ್ಲಿ ಬಿಳಿ ಬಟ್ಟೆಯ ಗಂಟು. ಹಲಸಿನ ಮರ ದಾಟಿ, ಆನೆಗಳನ್ನು ದಾಟಿ, ನೇರ ಝಾಡೂರಾಮನ ಮುಂದೆ ಗಂಟು ಇಳಿಸಿದ. ಬಿಚ್ಚಿದರೆ ಅವರ ಊರಿನ ತಾಯಿ. ಆನೆಯ ಮೇಲೆ ಕೂತ ದೇವಿ. ಗುಡಿಯ ಮಾಡು ಕುಸಿದು ತೊಲೆ ಮೇಲೆ ಬಿದ್ದು, ಮೂರ್ತಿ ಸೊಂಟದಲ್ಲಿ ಬಾಗಿ, ಆನೆಯ ಸೊಂಡಿಲು ಮುರಿದಿತ್ತು.

"ನಿಮ್ಮಪ್ಪ ಮಾಡಿದ್ದು ದಾದಾ," ಎಂದ ಮಂಗ್ತು. "ಇದನ್ನೇ ಕರಗಿಸಿ ಹೊಸಬಳನ್ನ ಮಾಡಿಕೊಡು. ಮಾಘದ ಹುಣ್ಣಿಮೆಗೆ ಒಯ್ತೀವಿ."

ಝಾಡೂರಾಮ ಎರಡೂ ಕೈಯಲ್ಲಿ ಮೂರ್ತಿಯನ್ನು ಎತ್ತಿಕೊಂಡ. ಕೈ ನಡುಗಿತು. ಮಂಗ್ತು ಅದನ್ನು ನೋಡಿದ, ನೋಡಿಯೂ ಅಂಗಳದ ಕೋಳಿಯ ಕಡೆ ಮುಖ ತಿರುಗಿಸಿ, "ಅತ್ತಿಗೆ, ಈ ಹುಂಜ ಹೋದ ಸಲಕ್ಕಿಂತ ದಪ್ಪ ಆಗಿದೆಯಲ್ಲ, ನಮಗಾಗಿ ಇಟ್ಟಿದ್ದಾ?" ಎಂದ. ಸುಕ್‌ದಾಯಿ ನಕ್ಕಳು. ಅವನು ಯಾಕೆ ಹುಂಜದ ಮಾತೆತ್ತಿದ ಎಂದು ಅವಳಿಗೆ ಗೊತ್ತಿತ್ತು.

ಆ ರಾತ್ರಿಯ ಊಟಕ್ಕೆ ಅನ್ನ, ಹುರುಳಿ ಸಾರು, ಕೆಂಪಿರುವೆ ಚಟ್ನಿ. ಮೂರನೆಯ ತುತ್ತಿಗೆ ಜಗಳ ಶುರುವಾಯಿತು.

"ಆನೆ ಬದಿಗಿಡು. ತಾಯಿ ಕೆಲಸ ಮೊದಲು," ಎಂದ ಝಾಡೂರಾಮ.

"ಆನೆ ಮುಗಿಯೋದಕ್ಕೇ ಮಾಘ ಆಗುತ್ತಪ್ಪ. ಆಮೇಲೆ ಮಾಡ್ತೀನಿ."

"ಆಮೇಲೆ ಅಂದ್ರೆ?"

"ಚೈತ್ರದಲ್ಲಿ."

"ಅವರು ಹುಣ್ಣಿಮೆ ಅಂದಿದ್ದಾರೆ. ಚಂದ್ರನಿಗೆ ನೀನೇ ಹೇಳಿ ಕಳಿಸ್ತೀಯಾ, ಸ್ವಲ್ಪ ತಡಿ ಅಂತ?"

"ಅಷ್ಟು ಅರ್ಜೆಂಟಿದ್ರೆ ನೀನೇ ಮಾಡು!"

ಮಾತು ಬಾಯಿಂದ ಹೊರಟ ಮೇಲೆ ಕೇಜುವಿಗೇ ಅದು ಹೆಚ್ಚಾಯಿತೆನಿಸಿತು. ಅವನು ತಟ್ಟೆಯಲ್ಲಿ ಬೆರಳು ಆಡಿಸಿದ. ಝಾಡೂರಾಮ ನೀರು ಕುಡಿದು ಎದ್ದ.

"ಮಾಡ್ತೀನಿ," ಎಂದ.

ಮರುದಿನದಿಂದ ಅವನು ಶುರು ಮಾಡಿಯೇಬಿಟ್ಟ. ಹೊಳೆದಂಡೆಯ ಜಿಗುಟು ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಒಳಗಿನ ಆಕಾರ ಮಾಡಿದ. ಮಣ್ಣಿನ ಕೆಲಸಕ್ಕೆ ನಡುಗುವ ಕೈಯೂ ನಡೆಯುತ್ತದೆ. ಆಕಾರ ಒಣಗಿದ ಮೇಲೆ ಅವರೆ ಎಲೆ ಅರೆದು ಆ ಹಸಿರು ರಸವನ್ನು ಮೇಲೆಲ್ಲ ತಿಕ್ಕಿ ನುಣುಪು ಮಾಡಿದ. ಹಳೆಯ ಡಬ್ಬಿಯಲ್ಲಿ ಕೂಡಿಟ್ಟಿದ್ದ ಜೇನುಮೇಣವನ್ನು ಸುಕ್‌ದಾಯಿ ಹೊರತೆಗೆದಳು. ಆ ಬೆಳಿಗ್ಗೆ ಅಂಗಳದ ಎರಡೂ ಅರ್ಧದಲ್ಲಿ ಹಳೆಯ ವಾಸನೆ ತುಂಬಿತು. ಕೇಜು ಕೂಡ ಒಮ್ಮೆ ಮೂಗರಳಿಸಿದ್ದನ್ನು ಅವಳು ಕಂಡಳು.

ಆದರೆ ಮೇಣದ ಎಳೆ ಸುತ್ತುವಾಗ ಸುಳ್ಳು ನಡೆಯುವುದಿಲ್ಲ. ನೂಲಿಗಿಂತ ಸಣ್ಣ ಎಳೆಯನ್ನು ಒಂದರ ಪಕ್ಕ ಒಂದು, ಕೂದಲೆಳೆಯಷ್ಟೂ ಎಡೆ ಬಿಡದೆ ಕೂರಿಸಬೇಕು. ಝಾಡೂರಾಮ ಒಂದು ಸಾಲು ಕೂರಿಸಿದ, ಅದು ಹಾವಿನಂತೆ ಹೊರಳಿತು. ಕಿತ್ತ. ಮತ್ತೆ ಕೂರಿಸಿದ, ಮತ್ತೆ ಕಿತ್ತ. ಮೂರು ದಿನ ಇದೇ ಆಯಿತು. ನಾಲ್ಕನೆಯ ಮಧ್ಯಾಹ್ನ ಹಿರೊಂದಿ ರಾಗಿ ಅಂಬಲಿಯ ಲೋಟ ತಂದು ಮಾವನ ಪಕ್ಕ ಇಟ್ಟಳು. ಅಲ್ಲೇ ಕೂತಳು. ಏನೂ ಕೇಳದೆ ಎಳೆಯೊಂದನ್ನು ಎತ್ತಿ ಆನೆಯ ಬೆನ್ನಿನ ಮೇಲೆ ಇಟ್ಟು ಎಡಗೈ ಹೆಬ್ಬೆರಳಿನಿಂದ ಒತ್ತಿದಳು. ಎಳೆ ಬಿದಿರಿನ ಕಡ್ಡಿಯಷ್ಟು ನೇರ ಕೂತಿತು.

ಸುಕ್‌ದಾಯಿ ಮೊರದಲ್ಲಿದ್ದ ಅಕ್ಕಿ ಕೇರುವುದನ್ನು ನಿಲ್ಲಿಸಿದಳು. ಈ ಮನೆಯಲ್ಲಿ ಹೆಂಗಸರು ಗಂಟೆಗೆ, ದೀಪಕ್ಕೆ, ಆನೆ ಕುದುರೆಗಳಿಗೆ ಎಳೆ ಸುತ್ತುತ್ತಿದ್ದರು. ಊರದೇವಿಗೆ ಸುತ್ತಿದವರಿರಲಿಲ್ಲ.

ಝಾಡೂರಾಮ ಬಹಳ ಹೊತ್ತು ಆ ಒಂದು ಎಳೆಯನ್ನು ನೋಡಿದ. ಆಮೇಲೆ ಅಂಬಲಿ ಕುಡಿದ. ಲೋಟ ಕೆಳಗಿಟ್ಟು ಹೇಳಿದ:

"ಈ ತಾಯಿ ಮೂಗುತಿ ಇಡೋದಿಲ್ಲ. ನೆನಪಿಟ್ಕೋ."

"ಆಯ್ತು ಮಾವ."

"ಕಾಲಿಗೆ ಕಡಗ, ಎರಡೆರಡು. ಬಲಗೈಯಲ್ಲಿ ಬಟ್ಟಲು. ಬಟ್ಟಲು ಖಾಲಿ ಇರಬೇಕು, ಅವಳು ಬೇಡೋಳು ಅಲ್ಲ, ಕೊಟ್ಟು ಬರಿದಾದವಳು."

"ಆಯ್ತು."

"ಮತ್ತೆ ಅಷ್ಟು ಬೇಗ ಬೇಗ ಬೇಡ. ಸೇಠ್‌ನ ಆನೆ ಅಲ್ಲ ಇದು."

ಹಲಸಿನ ಮರದ ಕೆಳಗಿನಿಂದ ಕೇಜು, "ನನ್ನ ಆನೆಗಳ ಎಳೆ ಯಾರು ಸುತ್ತೋದು ಹಂಗಾದ್ರೆ?" ಎಂದು ಕೂಗಿದ.

"ನಿನಗೂ ಕೈ ಇದೆಯಲ್ಲ, ಕೇಜು," ಎಂದಳು ಸುಕ್‌ದಾಯಿ. "ಇದ್ದಾಗ ಸುತ್ತಿಕೋ."

ಆಮೇಲಿನ ದಿನಗಳು ಹೀಗೆ ಹೋದವು: ಬೆಳಿಗ್ಗೆ ಹಿರೊಂದಿ ಆನೆ ಸುತ್ತುವಳು, ಮಧ್ಯಾಹ್ನ ತಾಯಿಯನ್ನು ಸುತ್ತುವಳು. ಅಡುಗೆ ಸುಕ್‌ದಾಯಿಯ ಪಾಲಿಗೆ ಬಂತು. "ಅತ್ತೆ, ನೀವ್ಯಾಕೆ," ಎಂದರೆ, "ನಿಮ್ಮತ್ತೆಗೆ ಇನ್ನೂ ಬೇಳೆ ಬೇಯಿಸೋಕೆ ಬರುತ್ತೆ, ಹೆದರಬೇಡ," ಎನ್ನುವಳು. ಕೊನೆಯ ಸಂಜೆ, ಬೆಳಕು ಇಳಿಯುತ್ತಿದ್ದಾಗ, ಹಿರೊಂದಿ ಪೀಠದ ಅಂಚಿಗೆ ಎಳೆ ಹೆಣೆದ ಜಡೆಯನ್ನು ಮುಗಿಸಿ ಕೈ ಕೊಡವಿದಳು. ಮರುದಿನ ಬೆಳಿಗ್ಗೆ ಝಾಡೂರಾಮ ಮೇಣದ ದೇವಿಗೆ ಇದ್ದಿಲು ಬೆರೆಸಿದ ನುಣ್ಣನೆ ಮಣ್ಣು ಬಳಿದ. ಅದರ ಮೇಲೆ ಹುತ್ತದ ಮಣ್ಣು, ಅದರ ಮೇಲೆ ಹೊಟ್ಟಿನ ಮಣ್ಣು. ತಾಯಿ ಒಂದು ದೊಡ್ಡ ಗೆಣಸಿನಂತೆ ಮಣ್ಣೊಳಗೆ ಮರೆಯಾದಳು.

ಎರಕದ ದಿನ ಕೇಜು ಜಗಳ ಮರೆತ. ಕುಲುಮೆಯ ಹತ್ತಿರ ಅವನು ಯಾವಾಗಲೂ ಒಳ್ಳೆಯ ಮಗ. ಕೊಸರ್‌ಪಾಲ್‌ನ ಹಳೆಯ ಮೂರ್ತಿ ಮೂಸೆಯಲ್ಲಿ ಕರಗಿತು. ಕಾದ ಅಚ್ಚಿನಿಂದ ಮೇಣವೆಲ್ಲ ಸುಟ್ಟು ಹೋಗಿ ಅದರ ಜಾಗ ಖಾಲಿಯಾಗಿತ್ತು. ಲೋಹ ಹದಕ್ಕೆ ಬಂದು ಜ್ವಾಲೆ ಹಸಿರಾದಾಗ ಝಾಡೂರಾಮ "ಹೂಂ" ಎಂದ, ಕೇಜು ಇಕ್ಕಳದಿಂದ ಮೂಸೆ ಎತ್ತಿ ಹೊಯ್ದ. ಒಂದೇ ಧಾರೆ, ಎಲ್ಲಿಯೂ ಕಡಿಯಲಿಲ್ಲ. ಅಚ್ಚಿನ ಬಾಯಲ್ಲಿ ಲೋಹ ತುಂಬಿ ನಿಂತಿತು.

ತಣ್ಣಗಾದ ಮೇಲೆ ಮಣ್ಣು ಒಡೆದರು. ಸುಕ್‌ದಾಯಿ ಈ ಮನೆಯಲ್ಲಿ ಎಷ್ಟೋ ಎರಕ ಕಂಡಿದ್ದಳು, ಇಂಥದ್ದನ್ನು ಕಂಡಿರಲಿಲ್ಲ. ಒಂದು ತೂತಿಲ್ಲ, ಒಂದು ಎಳೆ ಕೂಡಿಕೊಂಡಿಲ್ಲ. ಕಾಲಿನ ಕಡಗ, ಖಾಲಿ ಬಟ್ಟಲು, ಆನೆಯ ಕಿವಿಯ ಮಡಿಕೆ, ಎಲ್ಲವೂ ಮೇಣದಲ್ಲಿದ್ದಂತೆಯೇ ಬಂದಿದ್ದವು. ಝಾಡೂರಾಮ ತನ್ನ ಪಂಚೆಯ ತುದಿಯಿಂದ ದೇವಿಯ ಮುಖದ ಬೂದಿ ಒರೆಸಿದ. ಅವನ ಕಣ್ಣಿಗೆ ಪೊರೆ ಬಂದಿತ್ತು. ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ.

"ನಮ್ಮಪ್ಪನಿಗೂ ಹಿಂಗೆ ಬಂದಿರಲಿಲ್ಲ," ಎಂದ ಮೆಲ್ಲಗೆ.

ಕೇಜು ಮೂರ್ತಿಯ ಹಿಂಭಾಗಕ್ಕೆ ನೀರು ಹಾಕಿ ಬ್ರಷ್ಷಿನಿಂದ ಉಜ್ಜುತ್ತಿದ್ದ. ಅವನ ಕೈ ನಿಂತಿತು.

"ಅಯ್ಯೋ," ಎಂದ. "ಹೆಸರು."

ಪೀಠದ ಹಿಂದಿನ ಅಂಚಿನಲ್ಲಿ, ಜಡೆಯ ಕೆಳಗೆ, ಅಚ್ಚುಕಟ್ಟಾದ ಎರಡಕ್ಷರ: ಕೇಜು.

ಒಂದು ಕ್ಷಣ ಅವನ ಮುಖದಲ್ಲಿ ನಗು ಬಂದಿದ್ದು ಸುಳ್ಳಲ್ಲ. ಆಮೇಲೆ ಅಪ್ಪನನ್ನು ನೋಡಿದ.

"ಏನು ಹೆಸರು?"

"ನನ್ನದು, ಅಪ್ಪ."

ಝಾಡೂರಾಮನ ಬೆರಳು ಅಂಚಿನ ಮೇಲೆ ಹೋಯಿತು. ಅಕ್ಷರ ಓದದವನಾದರೂ ಅದು ಜಡೆಯಲ್ಲ, ಬಳ್ಳಿಯಲ್ಲ ಎಂದು ಬೆರಳಿಗೆ ತಿಳಿಯಿತು.

"ನೀನು ಹಾಕಿದ್ದಾ?"

ಒಲೆಯ ಹತ್ತಿರ ಹಿರೊಂದಿಯ ಕೈ ಬಾಯಿಗೆ ಹೋಯಿತು. ಅವಳ ಮುಖದ ಬಣ್ಣವೇ ಇಳಿದುಹೋಯಿತು. ದಿನವೂ ಆನೆ ಮುಗಿಸಿ ಕೊನೆಗೆ ಆ ಎರಡಕ್ಷರ ಕೂರಿಸಿ ಏಳುತ್ತಿದ್ದ ಕೈ, ದೇವಿಯನ್ನು ಮುಗಿಸಿದಾಗಲೂ ಹಾಗೆಯೇ ಕೂರಿಸಿ ಎದ್ದಿತ್ತು. ಮನಸ್ಸಿಗೆ ಗೊತ್ತೇ ಆಗಿರಲಿಲ್ಲ. ಅವಳು ಬಾಯಿ ತೆರೆದಳು.

"ಹಿರೊಂದಿ, ನೀರು ತಾ," ಎಂದ ಕೇಜು ಜೋರಾಗಿ. ಆಮೇಲೆ ಅಪ್ಪನಿಗೆ, "ಹೂಂ. ನಾನೇ ಹಾಕಿದ್ದು."

ಝಾಡೂರಾಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂರ್ತಿಯ ಮೇಲೆ ಬಟ್ಟೆ ಹೊದಿಸಿ, "ಊರಿನ ತಾಯಿಯ ಕಾಲಡಿ ನಿನ್ನ ಹೆಸರಿಟ್ಟೆ," ಎಂದಷ್ಟೇ ಹೇಳಿ ಬೇಲಿಯ ಕಡೆ ಹೋದ.

ಆವತ್ತಿನಿಂದ ಅವನ ಊಟ ಕುಲುಮೆಯ ಹತ್ತಿರ. ಮಗ ಕೂತ ಕಡೆ ಕೂರಲಿಲ್ಲ. ಸುಕ್‌ದಾಯಿ ಎರಡು ಕಡೆಗೂ ತಟ್ಟೆ ಹೊತ್ತಳು.

"ಎರಡು ಊರಿಗೆ ಟಪಾಲು ಕೊಡೋಳ ಹಂಗಾಯ್ತು ನನ್ನ ಪಾಡು," ಎಂದು ಗಂಡನಿಗೆ ಹೇಳಿದಳು. "ಒಂದೇ ಕಡೆ ಕೂತು ಮುನಿಸಿಕೊಳ್ಳಿ, ನನ್ನ ಮಂಡಿ ಉಳಿಯುತ್ತೆ."

ಝಾಡೂರಾಮ ತಟ್ಟೆ ತೆಗೆದುಕೊಂಡು ಬೆನ್ನು ತಿರುಗಿಸಿ ಕೂತ.

ಮೂರನೆಯ ದಿನ ಕೇಜು ಗ್ರೈಂಡರ್ ಯಂತ್ರದ ವಯರು ಬಿಡಿಸುತ್ತ ಬಂದ. ಆನೆಗಳಿಗೆ ಹೊಳಪು ಕೊಡಲು ತಂದ ಯಂತ್ರ.

"ಒಂದು ನಿಮಿಷದ ಕೆಲಸ, ಅಪ್ಪ. ಉಜ್ಜಿಬಿಡ್ತೀನಿ. ಗುರುತೂ ಉಳಿಯಲ್ಲ."

"ತಾಯಿ ಮೈಗೆ ಅರ ಹಾಕಿದ್ದು ಈ ಮನೇಲಿ ಇಲ್ಲ. ಬೆಂಕಿಯಿಂದ ಹೆಂಗೆ ಬಂದಳೋ ಹಂಗೆ ಕೊಡಬೇಕು. ನೀನು ಸಣ್ಣವನಿದ್ದಾಗಿಂದ ಕೇಳಿದ್ದೀಯ."

"ಹಂಗಾದ್ರೆ ಹಾಗೇ ಕೊಡು! ಹಿಂಭಾಗ, ಅಂಚು, ಅರಿಶಿನ ಬಳೀತಾರೆ. ಅಲ್ಲಿ ಯಾರು ಓದ್ತಾರೆ?"

"ಓದೋಕೆ ಬರದವರಿಗೆ ಏನು ಕೊಟ್ಟರೂ ನಡೆಯುತ್ತೆ ಅಂತಲಾ?" ಝಾಡೂರಾಮ ಎದ್ದು ನಿಂತ. "ನಾನೂ ಓದೋಕೆ ಬರದವನೇ ಕಣೋ."

ಕೇಜು ವಯರು ಸುತ್ತಿಕೊಂಡು ಹಿಂತಿರುಗಿದ. ಹಲಸಿನ ಮರದ ಕೆಳಗೆ ಕೂತು, ಯಾರಿಗೂ ಅಲ್ಲದಂತೆ ಹೇಳಿಕೊಂಡ: "ಹೆಸರು ಬೇಕು ಅನ್ನೋದು ಅಷ್ಟು ದೊಡ್ಡ ಪಾಪ ಆಗಿಹೋಯ್ತು."

ಆ ಸಂಜೆ ಹಿರೊಂದಿ ಬಾವಿಕಟ್ಟೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಸುಕ್‌ದಾಯಿ ನೀರು ಸೇದಿ ಕೊಡುತ್ತಿದ್ದಳು. ಒಂದೇ ಪಾತ್ರೆಯನ್ನು ಸೊಸೆ ಮೂರನೆಯ ಸಲ ಉಜ್ಜಿದಾಗ, "ಸಾಕು, ತೂತು ಬಿದ್ದೀತು," ಎಂದಳು.

"ಅತ್ತೆ, ಆ ಹೆಸರು ಅವರು ಹಾಕಿದ್ದಲ್ಲ."

"ಗೊತ್ತು."

ಹಿರೊಂದಿ ತಲೆ ಎತ್ತಿದಳು.

"ಎಳೆ ಕೊನೆಯಲ್ಲಿ ನೀನು ಎಡಗೈ ಹೆಬ್ಬೆರಳಲ್ಲಿ ಒತ್ತುತೀಯ. ಸಣ್ಣ ಹಳ್ಳ ಬೀಳುತ್ತೆ. ಕೇಜುಗೆ ಆ ಅಭ್ಯಾಸ ಇಲ್ಲ."

"ಮಾವನಿಗೂ ಗೊತ್ತಾಗಿರುತ್ತಾ?"

"ಅವನಿಗೆ ಕೋಪ ಬಂದಾಗ ಬೆರಳು ಕೆಲಸ ಮಾಡಲ್ಲ."

"ನೀವು ಹೇಳಲಿಲ್ಲವಲ್ಲ."

"ನನ್ನ ಮಗ ನಿನಗೋಸ್ಕರ ಬೈಸಿಕೊಂಡು ಕೂತಿದ್ದಾನೆ. ಮದುವೆಯಾದಾಗಿನಿಂದ ಅವನು ಮಾಡಿದ ಒಳ್ಳೆ ಕೆಲಸ ಇದೊಂದೇ. ಅದನ್ನೂ ನಾನು ಹಾಳು ಮಾಡಲಾ?" ಸುಕ್‌ದಾಯಿ ಕೊಡ ಎತ್ತಿ ಸೊಂಟಕ್ಕಿಟ್ಟಳು. "ಹೇಳೋದು ನಿನಗೆ ಸೇರಿದ್ದು. ಯಾವಾಗ ಅಂತಾನೂ ನಿನಗೇ ಸೇರಿದ್ದು."

ಹಿರೊಂದಿ ಆ ದಿನ ಹೇಳಲಿಲ್ಲ. ಮರುದಿನವೂ ಇಲ್ಲ. ಅಷ್ಟರಲ್ಲಿ ಹುಣ್ಣಿಮೆ ಬಂತು.

ಕೊಸರ್‌ಪಾಲ್‌ನವರು ಡೋಲು ಬಾರಿಸಿಕೊಂಡು ಬಂದರು. ಹೊಸ ಅಕ್ಕಿಯ ಮೂಟೆ, ಒಂದು ಸೀರೆ, ಒಂದು ಮೇಕೆ ತಂದಿದ್ದರು. ಮಂಗ್ತುವಿನ ಜೊತೆ ಅವನ ಅಕ್ಕ ಐತ್ವಾರಿನ್ ಕೂಡ ಬಂದಿದ್ದಳು; ಊರಲ್ಲಿ ಅವಳ ಮಾತಿಗೆ ತಮ್ಮನ ಮಾತಿಗಿಂತ ತೂಕ ಹೆಚ್ಚು. ಕೇರಿಯವರೆಲ್ಲ ಅಂಗಳದಲ್ಲಿ ಸೇರಿದರು. ಝಾಡೂರಾಮ ಮೂರ್ತಿಯನ್ನು ತಂದು ಮಣೆಯ ಮೇಲೆ ಇಟ್ಟು ಬಟ್ಟೆ ತೆಗೆದ. ಡೋಲು ತಾನಾಗಿ ನಿಂತಿತು. ಐತ್ವಾರಿನ್ ಎರಡು ಹೆಜ್ಜೆ ಮುಂದೆ ಬಂದು, "ಅವ್ವಾ," ಎಂದಳು. ಅಷ್ಟೇ ಅಂದಳು.

ಒಯ್ಯುವ ಮೊದಲು ಕೇಳಬೇಕಾದ ಮಾತೊಂದಿದೆ. ಆ ಊರಿಗೂ ಈ ಮನೆಗೂ ಮೊದಲಿನಿಂದ ನಡೆದುಬಂದದ್ದು. ಮಂಗ್ತು ದೊಡ್ಡ ದನಿಯಲ್ಲಿ ಕೇಳಿದ:

"ಯಾರು ಮಾಡಿದ್ದು ಇವಳನ್ನ?"

"ಮಣ್ಣು ಮಾಡಿತು, ಮೇಣ ಮಾಡಿತು, ಬೆಂಕಿ ಮಾಡಿತು. ನಾವು ಹತ್ತಿರ ಇದ್ದೆವು." ಇದು ಉತ್ತರ. ಝಾಡೂರಾಮ ಇದನ್ನು ಅಪ್ಪನ ಬಾಯಲ್ಲಿ ಕೇಳಿದ್ದ, ಆಮೇಲೆ ತಾನೇ ಎಷ್ಟೋ ಊರಿಗೆ ಹೇಳಿದ್ದ. ಈಗ ಬಾಯಿ ತೆರೆದ. ತುಟಿ ಅಲುಗಿತು, ದನಿ ಬರಲಿಲ್ಲ. ಸುಳ್ಳಾಗಿ ಹೇಳಲು ಆ ಮುದುಕನಿಗೆ ಬರುತ್ತಿರಲಿಲ್ಲ.

ಮಂಗ್ತು ಕಾದ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಕೇಜು ತಲೆ ತಗ್ಗಿಸಿ ಮುಂದೆ ಬರಲು ಹೊರಟ. ಅವನಿಗಿಂತ ಮೊದಲೇ ಹಿರೊಂದಿ ಬಂದಿದ್ದಳು.

"ನಾನು ಸುತ್ತಿದ್ದು," ಎಂದಳು. ದನಿ ಸಣ್ಣಗಿದ್ದರೂ ಎಲ್ಲರಿಗೂ ಕೇಳಿತು. "ಎಳೆಯೆಲ್ಲ ನನ್ನ ಕೈಯದು. ಸೇಠ್‌ನ ಆನೆಗೆ ಹೆಸರು ಹಾಕಿ ಹಾಕಿ ಅಭ್ಯಾಸ ಆಗಿತ್ತು. ತಾಯಿ ಪೀಠದ ಹಿಂದೆನೂ ಹಾಕಿಬಿಟ್ಟಿದ್ದೀನಿ. ಇವರು ಹಾಕಿದ್ದಲ್ಲ. ಮಾವನಿಗೆ ಗೊತ್ತೇ ಇರಲಿಲ್ಲ."

ಮಂಗ್ತು ಮೂರ್ತಿಯನ್ನು ತಿರುಗಿಸಿದ. ಬಗ್ಗಿದ.

"ಕೇ... ಜು," ಎಂದು ಓದಿದ. ಆಮೇಲೆ ಕೇಜುವಿನ ಮುಖದ ಅಚ್ಚರಿ ನೋಡಿ, "ಯಾಕೋ? ಪಂಚಾಯ್ತಿ ಮೆಂಬರ್ ಆಗಿದ್ದೋನು ಕಣೋ ನಾನು. ಹೆಬ್ಬೆಟ್ಟು ಅಂದ್ಕೊಂಡಿದ್ದೆಯಾ?" ಎಂದ.

ಯಾರೋ ಕಿಸಕ್ಕೆಂದರು. ಐತ್ವಾರಿನ್ ಮಾತ್ರ ಹಿರೊಂದಿಯನ್ನೇ ನೋಡುತ್ತಿದ್ದಳು.

"ನಿನ್ನ ಹೆಸರೇನಮ್ಮ?"

"ಹಿರೊಂದಿ."

"ಸುತ್ತಿದ್ದು ನೀನು, ಹೆಸರು ಅವನದಾ? ಆ ಆನೆಗಳಿಗೂ ಹಂಗೇನಾ?"

ಕೇರಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಕೇಜುವಿನ ಕಿವಿ ಕೆಂಪಾಯಿತು.

ಕೊಸರ್‌ಪಾಲ್‌ನವರು ಬೇಲಿಯ ಹತ್ತಿರ ಹೋಗಿ ತಮ್ಮ ತಮ್ಮಲ್ಲಿ ಮಾತಾಡಿದರು. ಬಹಳ ಹೊತ್ತು ಹಿಡಿಯಿತು. ಸುಕ್‌ದಾಯಿ ಬಂದವರಿಗೆ ನೀರು ಕೊಟ್ಟಳು. ಕೊಡುವಾಗಲೂ ಅವಳ ಕಿವಿ ಬೇಲಿಯ ಕಡೆಗೇ ಇತ್ತು. ಈ ಊರು ಕೈಬಿಟ್ಟರೆ ಸುತ್ತಲಿನ ಇಪ್ಪತ್ತು ಊರಿಗೆ ನಾಳೆಯೇ ಸುದ್ದಿ. ಆಮೇಲೆ ಈ ಅಂಗಳಕ್ಕೆ ಬಿಳಿ ಬಟ್ಟೆಯ ಗಂಟು ಯಾರೂ ತರುವುದಿಲ್ಲ. ಸೇಠ್‌ನ ಆನೆಗಳಷ್ಟೇ ಉಳಿಯುತ್ತವೆ.

ಮಂಗ್ತು ತಿರುಗಿ ಬಂದ.

"ದಾದಾ, ಇಂಥ ಚೆಂದದ ತಾಯಿಯನ್ನ ನಾನು ಯಾವ ಊರಲ್ಲೂ ಕಂಡಿಲ್ಲ. ಆದರೆ ಒಯ್ಯೋಕೆ ಆಗಲ್ಲ. ನಾವು ಅಕ್ಕಿ ಇಟ್ಟು ಕೈ ಮುಗಿಯುವಾಗ ಆ ಅಕ್ಕಿ ಒಬ್ಬನ ಹೆಸರಿನ ಮುಂದೆ ಬಿದ್ದಂಗಾಗುತ್ತೆ."

"ಹೌದು," ಎಂದ ಝಾಡೂರಾಮ.

"ಉಜ್ಜಿ ಅಂತಾನೂ ಅನ್ನಲ್ಲ."

"ಉಜ್ಜಲ್ಲ."

"ಇನ್ನೂ ನಾವು ಕರೆದಿಲ್ಲ, ಅವಳು ಬಂದಿಲ್ಲ. ಈಗ ಇದು ಬರೀ ಹಿತ್ತಾಳೆ. ಒಡೆದು ಇನ್ನೊಂದು ಹೊಯ್ಯಿರಿ. ನಮ್ಮ ಹಳೇ ತಾಯಿ ಹೇಗೂ ಇದರಲ್ಲೇ ಇದ್ದಾಳೆ, ಎಲ್ಲೂ ಹೋಗಲ್ಲ."

"ಹುಣ್ಣಿಮೆ ಮುಗಿದುಹೋಗುತ್ತಲ್ಲ ಮಂಗ್ತು."

"ಇನ್ನೊಂದು ಬರುತ್ತೆ. ಅವಸರ ನಮಗೆ, ಅವಳಿಗೇನು?"

ಝಾಡೂರಾಮ ಮತ್ತೆ ಬಾಯಿ ತೆರೆಯಬೇಕಾಯಿತು. "ನನ್ನ ಕೈ ನಡುಗುತ್ತೆ. ಇವನ ಕೈಗೆ ಆ ನಯ ಇಲ್ಲ. ಮತ್ತೆ ಸುತ್ತೋದಾದ್ರೆ ಇವಳೇ ಸುತ್ತಬೇಕು. ನಿಮಗೆ ಒಪ್ಪಿಗೆ ಇದ್ದರೆ ಹೇಳಿ."

ಗಂಡನ ಬಾಯಿಂದ ಆ ಮಾತು ಬಂದದ್ದು ಕೇಳಿ ಸುಕ್‌ದಾಯಿ ತಿರುಗಿ ಅವನನ್ನೇ ನೋಡಿದಳು. ತನ್ನ ಕೈ ನಡುಗುತ್ತದೆ ಎಂದು ಅವನು ಅವಳಿಗೂ ಹೇಳಿರಲಿಲ್ಲ.

ಐತ್ವಾರಿನ್ ಉತ್ತರ ಕೊಟ್ಟಳು. "ಮತ್ಯಾರು ಸುತ್ತಬೇಕು? ತಪ್ಪು ಮಾಡಿ ಇಷ್ಟು ಜನರ ಮುಂದೆ ಹೇಳಿದ ಕೈ ಅದು. ಅದೇ ಸುತ್ತಲಿ."

ಸುತ್ತಿಗೆಯನ್ನು ಯಾರೂ ಎತ್ತಲಿಲ್ಲ. ಕೊನೆಗೆ ಹಿರೊಂದಿಯೇ ಎತ್ತಿದಳು. ಮೊದಲ ಏಟಿಗೆ ಬಟ್ಟಲು ಹಿಡಿದ ಕೈ ಹೋಯಿತು. ಅವಳು ಅಳಲಿಲ್ಲ, ಹಿಂದೆ ನಿಂತ ಕೇಜು ಕಣ್ಣೊರೆಸಿಕೊಂಡ. ಕೊಸರ್‌ಪಾಲ್‌ನವರು ಮೂಟೆ, ಮೇಕೆ ಹಿಂದಕ್ಕೆ ಒಯ್ದರು. ಸೀರೆಯನ್ನು ಮಾತ್ರ ಐತ್ವಾರಿನ್ ಬೇಲಿಯ ಮೇಲೆ ಬಿಟ್ಟು ಹೋದಳು, ಮರೆತವಳ ಹಾಗೆ.

ಮನೆಯಲ್ಲಿ ಜೇನುಮೇಣ ಮುಗಿದಿತ್ತು. ಹತ್ತು ದಿನ ಕಳೆದ ಮೇಲೆ ಕೊಸರ್‌ಪಾಲ್‌ನ ಇಬ್ಬರು ಗಂಡಸರು ಎಲೆಯಲ್ಲಿ ಕಟ್ಟಿದ ಮೇಣದ ಉಂಡೆಗಳನ್ನು ತಂದರು. ಅವರ ಊರಿನ ಮನೆಗೊಂದು ಉಂಡೆ, ಬೇರೆ ಬೇರೆ ಬಣ್ಣ, ಕೆಲವುಗಳಲ್ಲಿ ಹುಳದ ರೆಕ್ಕೆ ಇನ್ನೂ ಅಂಟಿತ್ತು. ಝಾಡೂರಾಮ ಒಂದೊಂದನ್ನೂ ಮೂಸಿ ನೋಡಿದ. ಆ ದಿನ ಅವನು ಮಗನ ಪಕ್ಕ ಕೂತು ಉಂಡ.

"ಸುಳ್ಳು ಹೇಳಿದೆಯಲ್ಲೋ ನನಗೆ," ಎಂದ ಸಾರು ಕಲಸುತ್ತ.

"ಮತ್ತೇನು ಮಾಡಲಿ? ನೀನು ಅವಳನ್ನ ಬೈದಿದ್ದರೆ?"

"ಬೈತಿದ್ದೆ," ಎಂದು ಒಪ್ಪಿಕೊಂಡ. ಆಮೇಲೆ, "ಚಟ್ನಿ ಹಾಕ್ಕೋ," ಎಂದು ದೊನ್ನೆಯನ್ನು ಮಗನ ಕಡೆ ತಳ್ಳಿದ.

ಕೇಜು ಸೇಠ್‌ಗೆ ಫೋನು ಮಾಡಿ ಆನೆ ತಡವಾಗುತ್ತದೆ ಎಂದ. ಆ ಕಡೆಯಿಂದ ಬೈಗುಳ ಬಂತು. "ಬೇಡವಾದರೆ ಬಿಡಿ," ಎಂದು ಇವನು ಫೋನಿಟ್ಟ. ಮರುದಿನ ಆ ಕಡೆಯಿಂದಲೇ ಫೋನು ಬಂತು. ಆನೆಗಳನ್ನು ಈಗ ಕೇಜುವೇ ಸುತ್ತುತ್ತಿದ್ದ, ಒರಟು ಒರಟಾಗಿ. ಒಂದು ದಿನ ಸುಕ್‌ದಾಯಿ ನೆಲ ಸಾರಿಸಲು ಆನೆಯೊಂದನ್ನು ಎತ್ತಿ ಬದಿಗಿಡುವಾಗ ಪೀಠದ ಹಿಂದೆ ಕಣ್ಣು ಹೋಯಿತು. ಎರಡಕ್ಷರದ ಜಾಗದಲ್ಲಿ ಮೂರಕ್ಷರ ಇದ್ದವು. ಓದಲು ಬಾರದ ಅವಳು ಮಗನನ್ನು ನೋಡಿದಳು.

"ಹಿರೊಂದಿ ಅಂತ," ಎಂದ ಅವನು ಕೈಯಲ್ಲಿದ್ದ ಎಳೆ ಕೂರಿಸುತ್ತ. "ಅವಳು ಸುತ್ತಿದ್ದಕ್ಕೆಲ್ಲ ನನ್ನ ಹೆಸರು ಬಿತ್ತಲ್ಲ, ಉಳಿದವಕ್ಕೆ ಅವಳದು. ಫೋನಲ್ಲಿ ಹೇಳಿದ್ದಕ್ಕೆ ಇದ್ಯಾರು ಅಂತ ಸೇಠ್ ಕೇಳಿದ."

"ನೀನೇನಂದೆ?"

"ಮಾಡಿದವಳು ಅಂದೆ."

ಹಿರೊಂದಿ ಈ ಸಲ ತಾಯಿಯನ್ನು ಮಾತ್ರ ಸುತ್ತಿದಳು. ಕೊನೆಯ ಎಳೆ ಕೂರಿಸುವ ದಿನ ಎರಡೂ ಕೈಯನ್ನು ನೀರಿನಲ್ಲಿ ಅದ್ದಿ, ಒರೆಸಿ, ಮಾವನನ್ನು ಕರೆದು ಪೀಠದ ಅಂಚನ್ನು ಬೆರಳಿನಿಂದ ನೋಡಲು ಹೇಳಿದಳು. ಅವನು ಸುತ್ತ ಮುಟ್ಟಿ ನೋಡಿ, "ಬರೀ ಜಡೆ," ಎಂದ.

ಎರಕದ ದಿನಕ್ಕೆ ಕಾಡಿನಲ್ಲಿ ಹಿಪ್ಪೆ ಹೂ ಉದುರುವ ಕಾಲ ಬಂದಿತ್ತು. ಆ ದಿನಗಳಲ್ಲಿ ಬೆಳಗಿನ ಜಾವ ಮರದಡಿ ಇಲ್ಲದವರಿಗೆ ವರ್ಷದ ಸಂಪಾದನೆ ಇಲ್ಲ. ಆದರೂ ಕೊಸರ್‌ಪಾಲ್‌ನಿಂದ ಇಪ್ಪತ್ತಕ್ಕೂ ಹೆಚ್ಚು ಜನ ಬಂದರು, ಅಕ್ಕಿಮೂಟೆ, ಮೇಕೆ ಎರಡನ್ನೂ ಮತ್ತೆ ತಂದು. ಗಂಡಸರು ಸರದಿಯಂತೆ ತಿದಿ ಒತ್ತಿದರು. ಹೆಂಗಸರು ಬಂಡೆಯಷ್ಟು ದೊಡ್ಡ ಹಂಡೆಯಲ್ಲಿ ಅನ್ನಕ್ಕೆ ಇಟ್ಟರು. ಮಂಗ್ತು ತಿದಿಯ ಹತ್ತಿರ ಹೊಗೆಗೆ ಕೆಮ್ಮುತ್ತ, "ದಾದಾ, ಈ ಸಲ ಯಾರ ಹೆಸರು? ನನ್ನದಾದರೂ ಹಾಕಿ, ಇಷ್ಟು ಒತ್ತಿದ್ದಕ್ಕೆ," ಎಂದ. ಹಿರೊಂದಿಯೂ ನಕ್ಕಳು. ಬೇಲಿಯ ಮೇಲೆ ಬಿಟ್ಟುಹೋಗಿದ್ದ ಸೀರೆಯನ್ನು ಅವಳು ಉಟ್ಟಿದ್ದಳು.

ಜ್ವಾಲೆ ಹಸಿರಾಯಿತು. "ಹೂಂ," ಎಂದ ಝಾಡೂರಾಮ. ಕೇಜು ಇಕ್ಕಳವನ್ನು ಎತ್ತಿದ. ಧಾರೆ ಇಳಿಯಿತು.

ಮಣ್ಣು ಒಡೆದಾಗ ಎಡಕಿವಿಯ ಓಲೆಯ ಎಳೆಗಳು ಸ್ವಲ್ಪ ಕೂಡಿಕೊಂಡಿದ್ದವು. ಮೊದಲನೆಯದರ ಆ ಒಂದು ಸೊಬಗು ಇದಕ್ಕಿರಲಿಲ್ಲ. ಅದು ಸುಕ್‌ದಾಯಿಗೆ ಗೊತ್ತಾಯಿತು, ಹಿರೊಂದಿಗೂ ಗೊತ್ತಾಯಿತು. ಆದರೆ ಮುಖ ಬೇರೆಯಾಗಿತ್ತು. ಮೊದಲನೆಯ ತಾಯಿ ಸುಂದರಿಯಾಗಿದ್ದಳು. ಇವಳು ಬಹಳ ದೂರ ನಡೆದು ಬಂದು ಈಗಷ್ಟೇ ಕೂತವಳ ಹಾಗಿದ್ದಳು.

"ಇವಳೇ ನಮ್ಮೋಳು," ಎಂದಳು ಐತ್ವಾರಿನ್.

ಮಂಗ್ತು ಬೆವರು ಒರೆಸಿಕೊಂಡು ಎದ್ದು ನಿಂತು ಕೇಳಿದ, "ಯಾರು ಮಾಡಿದ್ದು ಇವಳನ್ನ?"

"ಮಣ್ಣು ಮಾಡಿತು, ಮೇಣ ಮಾಡಿತು, ಬೆಂಕಿ ಮಾಡಿತು!" ಝಾಡೂರಾಮನ ದನಿ ಕೇರಿಯ ಆಚೆಗೂ ಕೇಳಿಸಿತು. "ನಾವು ಹತ್ತಿರ ಇದ್ದೆವು."

ಡೋಲು ಎದ್ದಿತು. ಕೇರಿಯ ಹೆಂಗಸರು, ಕೊಸರ್‌ಪಾಲ್‌ನ ಹೆಂಗಸರು ಒಬ್ಬರ ಸೊಂಟ ಒಬ್ಬರು ಹಿಡಿದು ಕುಣಿದರು. ಕೇಜು ಮಂಗ್ತುವಿನ ಜೊತೆ ಬೈನೆ ಮರದ ಸೇಂದಿ ಕುಡಿಯುತ್ತ, ಎರಕದ ಧಾರೆ ಹೇಗೆ ಒಂದೇ ಸಮ ಇಳಿಯಿತೆಂದು ನಾಲ್ಕನೆಯ ಸಲ ಹೇಳಿದ. ಸಾಲಾಗಿ ಎಲೆ ಹಾಕಿದರು. ಮೊದಲ ಎಲೆಯನ್ನು ಮನೆಯ ಹಿರಿಯನೆಂದು ಝಾಡೂರಾಮನ ಮುಂದೆ ತಂದಿಟ್ಟರು. ಬಿಸಿ ಅನ್ನ, ಮಾಂಸದ ಸಾರು.

ಅವನು ಕೂರಲಿಲ್ಲ. ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಕೈ ನಡುಗುತ್ತಿತ್ತು, ಸಾರು ಅಂಚಿಗೆ ಬರುತ್ತಿತ್ತು. ಕುಣಿತದ ಪಕ್ಕ ಹಾದು, ಎಲೆಗಳ ಸಾಲು ದಾಟಿ, ತಣ್ಣಗಾಗುತ್ತಿದ್ದ ಕುಲುಮೆಯ ಬಳಿ ಒಡೆದ ಮಣ್ಣಿನ ಚೂರು ಗುಡಿಸುತ್ತಿದ್ದ ಹಿರೊಂದಿಯ ಹತ್ತಿರ ಹೋದ. ಅವಳು ಗಾಬರಿಯಿಂದ ಏಳಹೊರಟಳು. ಅವನು ತಲೆಯಾಡಿಸಿ ಬೇಡವೆಂದ. ಅವಳ ಮುಂದೆ ಎಲೆ ಇಟ್ಟು, ಅವಳ ಕೈಯಿಂದ ಪೊರಕೆ ತೆಗೆದುಕೊಂಡ.